ಔಷಧಿ ಹೊಡೆಯಬಾರದ ನಾಲ್ಕು ಸಾಲು

ಕೊರವಂಗಲದ ಹತ್ತಿರದ ಒಂದೂರಿನಲ್ಲಿ ದೇವರಾಜು ಅವರ ಮನೆಯ ಹಿರಿಸೊಸೆ ರೂಪಶ್ರೀಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಹೇಳಿದರೆ ಕೊನೆಗೆ ನೀವೇ ‘ಇವಳನ್ನು ಎಷ್ಟು ಒಳ್ಳೆಯವಳು ಅಂದುಕೊಂಡಿದ್ದೆವಲ್ಲ’ ಎಂದು ನನ್ನ ಮೇಲೆ ತಿರುಗಿಬೀಳುತ್ತೀರಿ. ಒಳ್ಳೆಯವಳೇ, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟಿಗೆಯ ಹಸುಗಳು ಅವಳ ದನಿ ಕೇಳಿದರೆ ಕಿವಿ ನಿಮಿರಿಸುತ್ತವೆ. ಕೇರಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅವಳ ಕೈಯ ಮೆಣಸಿನ ಸಾರು ಹೋಗುತ್ತದೆ. ಆದರೆ ಓರಗಿತ್ತಿ ಸ್ನೇಹಲತಾ ಬೆಳಗ್ಗೆ ಬ್ಯಾಗು ಹೆಗಲಿಗೆ ಏರಿಸಿ ಹಾಸನದ ಬಸ್ಸಿಗೆ ಹೊರಟಳೆಂದರೆ ಸಾಕು, ರೂಪಶ್ರೀಯ ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು. ಸ್ನೇಹಲತಾ ಪಿಎಚ್‌ಡಿ ಮಾಡುತ್ತಿದ್ದಳು, ಅದೂ ಸಸ್ಯಶಾಸ್ತ್ರದಲ್ಲಿ.

ಓರಗಿತ್ತಿಯರು ಒಬ್ಬರ ಸೀರೆಗೆ, ಒಡವೆಗೆ, ಗಂಡನ ನೌಕರಿಗೆ ಇನ್ನೊಬ್ಬರು ಕರುಬುವುದು ಲೋಕಾರೂಢಿ. ರೂಪಶ್ರೀಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಅವಳು ಕರುಬುತ್ತಿದ್ದುದು ಆ ಹುಡುಗಿಯ ಬೆರಳಿಗೆ ಅಂಟಿಕೊಂಡು ಬರುತ್ತಿದ್ದ ಸ್ಪಿರಿಟ್ಟಿನ ವಾಸನೆಗೆ. ಸಂಜೆ ಬಂದವಳು ಕೈಕಾಲು ತೊಳೆಯುವ ಮೊದಲೇ ಕಾಫಿ ಲೋಟಕ್ಕೆ ಕೈ ಚಾಚಿದರೆ ಆ ವಾಸನೆ ರೂಪಶ್ರೀಯ ಮೂಗಿಗೆ ಬಡಿಯುತ್ತಿತ್ತು. ಸಗಣಿ ಬಾಚಿದ ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಆ ವಾಸನೆಯನ್ನು ಅವಳೂ ಒಂದು ಕಾಲಕ್ಕೆ ಮೈತುಂಬ ಹೊತ್ತುಕೊಂಡು ತಿರುಗಿದವಳು.

ಅವಳ ತವರು ಅರಕಲಗೂಡು ತಾಲ್ಲೂಕು, ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣದ ಪಕ್ಕದ ಹಳ್ಳಿ. ಆ ಕಡೆ ಹುಟ್ಟಿದ ಮಕ್ಕಳೆಲ್ಲ ಅಳುವಾಗಲೂ ಶ್ರುತಿ ತಪ್ಪುವುದಿಲ್ಲ ಎಂದು ಜನ ಹೇಳುತ್ತಾರೆ. ರೂಪಶ್ರೀಗೆ ಹಾಡು ಬರುತ್ತಿರಲಿಲ್ಲ, ಅವಳ ಅಪ್ಪ ಹೊಗೆಸೊಪ್ಪಿನ ಬೆಳೆಗಾರ, ಸಂಗೀತಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ. ಅವಳಿಗೆ ಇದ್ದದ್ದು ಕೈ. ಹಾಸನದಲ್ಲಿ ಎಂ.ಎಸ್ಸಿ. ಓದುವಾಗ ಗಿಡದ ಕಾಂಡವನ್ನು ಬ್ಲೇಡಿನಲ್ಲಿ ಸೀಳಿ ಸೂಕ್ಷ್ಮದರ್ಶಕಕ್ಕೆ ಇಡುವುದಿತ್ತಲ್ಲ, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇರೆಯವರು ಸೀಳಿದ್ದು ಸೌತೆಕಾಯಿ ಹೋಳಿನ ಹಾಗಿದ್ದರೆ ಇವಳದು ಈರುಳ್ಳಿಯ ಒಳಪೊರೆ. ವಿಭಾಗದ ಮೇಡಂ ಒಮ್ಮೆ ತರಗತಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ರೂಪಶ್ರೀಯ ಸ್ಲೈಡು ತೋರಿಸಿದ್ದರು. ಕಡೆಯ ಪರೀಕ್ಷೆ ಮುಗಿದ ದಿನ ಅವಳನ್ನು ಕರೆದು, ಫಲಿತಾಂಶ ಬರಲಿ, ಪಿಎಚ್‌ಡಿಗೆ ನನ್ನ ಹತ್ತಿರವೇ ಬಾ, ನಿನಗೊಂದು ಜಾಗ ಇಟ್ಟಿರುತ್ತೇನೆ ಅಂದಿದ್ದರು.

ಫಲಿತಾಂಶಕ್ಕಿಂತ ಮೊದಲು ಗಂಡಿನ ಕಡೆಯವರು ಬಂದರು. ದೇವರಾಜು, ಅವರ ಹೆಂಡತಿ ಲಕ್ಕಮ್ಮ, ದೊಡ್ಡ ಮಗ ಕಾಂತರಾಜು. ಒಳ್ಳೆಯ ಜನ, ನೀರಾವರಿ ಜಮೀನು, ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ವ್ಯಾಪಾರ. ಹುಡುಗಿ ಮುಂದೆ ಓದಬೇಕು ಅಂತಿದ್ದಾಳೆ ಎಂದು ಅಪ್ಪ ಅಂಜಿಕೊಂಡೇ ಹೇಳಿದಾಗ, ಅದಕ್ಕೇನಂತೆ, ನಾವೇ ಓದಿಸ್ತೀವಿ ಎಂದು ಲಕ್ಕಮ್ಮ ಮಾತು ಕೊಟ್ಟಳು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಆಡುವ ಮಾತಿಗೆ ಉಪ್ಪಿಟ್ಟು ಅರಗುವ ತನಕ ಮಾತ್ರ ಆಯುಸ್ಸು. ಮದುವೆಯಾದ ಮೇಲೆ ‘ಮೊದಲು ಒಂದು ಮಗು ಆಗಲಿ’ ಎಂದಾಯಿತು. ಮಗಳು ಹುಟ್ಟಿದಳು. ‘ಮಗು ನಡೆಯೋ ಹಾಗಾಗಲಿ’ ಎಂದಾಯಿತು. ಅಷ್ಟರಲ್ಲಿ ಕೊಟ್ಟಿಗೆಗೆ ಇನ್ನೆರಡು ಹಸು ಬಂದವು. ಮೇಡಂ ಕೆಲವು ಸಲ ಫೋನು ಮಾಡಿದರು. ಆಗ ಮನೆಗೆಲ್ಲ ಇದ್ದದ್ದು ಕಾಂತರಾಜುವಿನ ಫೋನು. ಅವನು ಮಂಡಿಯ ಗಲಾಟೆಯ ನಡುವೆ, ಮನೆಯವಳು ಕೊಟ್ಟಿಗೆಯಲ್ಲಿದ್ದಾಳೆ, ಆಮೇಲೆ ಮಾಡಿಸ್ತೀನಿ ಎನ್ನುತ್ತಿದ್ದ, ಮರೆಯುತ್ತಿದ್ದ. ಆಮೇಲೆ ಫೋನು ಬರುವುದೂ ನಿಂತುಹೋಯಿತು. ಮೇಡಂ ತನ್ನನ್ನು ಮರೆತರು ಎಂದು ರೂಪಶ್ರೀ ತೀರ್ಮಾನ ಮಾಡಿಕೊಂಡಳು. ತೀರ್ಮಾನ ಮಾಡಿಕೊಂಡ ಮೇಲೆ ನೆಮ್ಮದಿಯೂ ಇತ್ತೆನ್ನಿ. ಓದು ಎಲ್ಲರಿಗೂ ಆಗಿಬರುವುದಿಲ್ಲ, ಸಂಸಾರ ಅಂದರೆ ಇಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡು, ಡೈರಿಗೆ ಹಾಲು ಹಾಕಿ ಬಂದು ಮುದ್ದೆ ತಿರುವುತ್ತಿದ್ದಳು. ಎಲ್ಲ ಹೆಣ್ಣುಮಕ್ಕಳಿಗೂ ಹಾಗೆಯೇ ಆಗಿದ್ದರೆ ಆ ನೆಮ್ಮದಿ ಉಳಿಯುತ್ತಿತ್ತು.

ಉಳಿಯಲಿಲ್ಲ. ಊರಿನ ಪಂಚಾಕ್ಷರಯ್ಯನವರ ಸೊಸೆಗೆ ಪಿಎಚ್‌ಡಿ ಆಯಿತು. ಹಾಸನದ ಪತ್ರಿಕೆಯಲ್ಲಿ ಫೋಟೊ, ಪ್ರಬಂಧದ ಹೆಸರು, ಮಾರ್ಗದರ್ಶಕರ ಹೆಸರು ಎಲ್ಲ ಬಂತು. ಪಂಚಾಕ್ಷರಯ್ಯನವರು ಅದನ್ನು ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗುಬಿಟ್ಟರು. ಅರಿಸಿನ ಕುಂಕುಮಕ್ಕೆ ಹೋದ ಹೆಂಗಸರೆಲ್ಲ ಅದನ್ನು ನೋಡಿಯೇ ಎಲೆಯಡಿಕೆ ತೆಗೆದುಕೊಳ್ಳಬೇಕು. ಲಕ್ಕಮ್ಮನಿಗೂ ಅಂಥದ್ದೊಂದು ಬೇಕೆನಿಸಿತು. ಎರಡನೇ ಮಗ ಮೋಹನ್‌ಕುಮಾರ್ ಹೊಳೆನರಸೀಪುರದಲ್ಲಿ ಪಿಯು ಉಪನ್ಯಾಸಕ. ಅವನಿಗೆ ಹಿರೀಸಾವೆಯಿಂದ ಹೆಣ್ಣು ಬಂತು. ಹುಡುಗಿಯ ಅಪ್ಪ ಹೆದ್ದಾರಿಯಲ್ಲಿ ಹೋಟೆಲು ನಡೆಸುವವರು, ದಿನಾ ನೂರು ಜನರ ಹತ್ತಿರ ಮಾತಾಡಿ ಪಳಗಿದ ಮನುಷ್ಯ. ಬಂದು ಕೂತವರೇ, ಮಗಳು ಪಿಎಚ್‌ಡಿಗೆ ಸೇರಿಕೊಂಡಿದ್ದಾಳೆ, ಬಿಡಿಸುವುದಾದರೆ ಈ ಮಾತೇ ಬೇಡ ಎಂದರು. ಕಾಫಿ ತಟ್ಟೆ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದ ರೂಪಶ್ರೀ ಅತ್ತೆ ಏನನ್ನುತ್ತಾಳೆ ಎಂದು ಕಾದಳು.

“ಅಯ್ಯೋ, ಓದ್ಲಿ ಬುಡಿ, ಹೆಣ್‌ಮಕ್ಳು ಓದುದ್ರೆ ತಾನೆ ಮನೆಗೆ ಮರ್ವಾದೆ,” ಎಂದಳು ಲಕ್ಕಮ್ಮ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರಿಗೆ, ಹಿರಿಸೊಸೆಗೊಂದು ಕಾಲ ಕಿರಿಸೊಸೆಗೊಂದು ಕಾಲ ಎಂಬುದು ತಿಳಿದಿರಲಿಲ್ಲ. ಆಮೇಲೆ ಗೊತ್ತಾಯಿತು, ಸ್ನೇಹಲತಾ ಸೇರಿಕೊಂಡಿರುವುದು ಅದೇ ಮೇಡಂ ಹತ್ತಿರ. ತನಗೆಂದು ಇಟ್ಟಿದ್ದ ಜಾಗದಲ್ಲೇ ಹೋಗಿ ಕೂತಿದ್ದಾಳೆ ಎಂದು ರೂಪಶ್ರೀಗೆ ಅನ್ನಿಸಿತು. ಇದು ನ್ಯಾಯವೇ ಎಂದು ಕೇಳಬೇಡಿ. ಹೊಟ್ಟೆಕಿಚ್ಚಿಗೂ ನ್ಯಾಯಕ್ಕೂ ಯಾವ ಕಾಲದಲ್ಲಿ ನೆಂಟಸ್ತಿಕೆ ಇತ್ತು?

ಮದುವೆಯಾಗಿ ಬಂದ ಸ್ನೇಹಲತಾಗೆ ಮೂಲೆಯ ಕೋಣೆ ಸಿಕ್ಕಿತು, ಮೇಜು ಸಿಕ್ಕಿತು. ಬೆಳಗಿನ ಕಸ ಮುಸುರೆ ಅವಳಿಗಿಲ್ಲ. ದೇವರಾಜು ದಿನಾ ಸ್ಕೂಟರಿನಲ್ಲಿ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬರುತ್ತಿದ್ದರು. ಲಕ್ಕಮ್ಮ ಕೈಯಾರೆ ಅವಳ ಡಬ್ಬಿ ಕಟ್ಟುತ್ತಿದ್ದಳು, ಮೊಸರನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ಅನ್ನಕ್ಕೆ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದಂತೆ. ಕೇರಿಯವರು ತಲೆನೋವಿಗೆ ಮಾತ್ರೆ ಕೇಳಲು ಬಂದರೆ, ನಮ್ಮ ಸೊಸೆ ಸೂಜಿ ಡಾಕ್ಟರಲ್ಲ, ಆಲೂಗಡ್ಡೆ ಡಾಕ್ಟರು ಎಂದು ಹೆಮ್ಮೆಯಿಂದ ವಿವರಿಸುತ್ತಿದ್ದಳು. ಒಳಗೆ ಪಾತ್ರೆ ಉಜ್ಜುತ್ತಿದ್ದ ರೂಪಶ್ರೀ ಆ ಮಾತು ಕೇಳಿ ತಪ್ಪಲೆಯನ್ನು ಇನ್ನೂ ಗಟ್ಟಿಯಾಗಿ ಉಜ್ಜುತ್ತಿದ್ದಳು. ಆ ಮನೆಯ ತಪ್ಪಲೆಗಳು ಆಗಿನಷ್ಟು ಬೆಳ್ಳಗೆ ಎಂದೂ ಇರಲಿಲ್ಲ.

ಸ್ನೇಹಲತಾ ಕೆಟ್ಟವಳೇನಲ್ಲ. ‘ಅಕ್ಕ’ ಎಂದೇ ಕರೆಯುತ್ತಿದ್ದಳು, ರಜೆಯ ದಿನ ತರಕಾರಿ ಹೆಚ್ಚಿಕೊಡುತ್ತಿದ್ದಳು. ಆದರೆ ತನ್ನ ಕೆಲಸದ ಬಗ್ಗೆ ರೂಪಶ್ರೀಯ ಹತ್ತಿರ ತುಟಿ ಎರಡು ಮಾಡುತ್ತಿರಲಿಲ್ಲ. ರೂಪಶ್ರೀ ಎಂ.ಎಸ್ಸಿ. ಓದಿದವಳು ಎಂದು ಅವಳಿಗೆ ಗೊತ್ತೋ ಇಲ್ಲವೋ ಅದೂ ತಿಳಿಯದು. ಮನೆಯವರಂತೂ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಸಂಜೆ ಮೇಡಂ ಫೋನು ಮಾಡಿದರೆ ಸ್ನೇಹಲತಾ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದಳು. ಹಾಲು ಕರೆಯುತ್ತ ಕೂತ ರೂಪಶ್ರೀಗೆ ಫೋನಿನೊಳಗಿನ ಆ ದನಿ ಸಣ್ಣಗೆ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ದಿನವಾದರೂ ಈ ಹುಡುಗಿ ಬಂದು ‘ಮೇಡಂ ನಿಮ್ಮನ್ನ ಕೇಳಿದ್ರು’ ಎನ್ನಬಹುದೇ ಎಂದು ಕಾಯುತ್ತಿದ್ದಳು. ಬಾಯಿಬಿಟ್ಟು ಕೇಳಲು ಅವಳಿಗೇನು ಬಂದಿತ್ತು ಅನ್ನುತ್ತೀರಾ? ಕೇಳಿದ ಮೇಲೆ ‘ಯಾವ ರೂಪಶ್ರೀ?’ ಅಂದುಬಿಟ್ಟರೆ?

ಸ್ನೇಹಲತಾಳ ಸಂಶೋಧನೆ ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ. ಹಾಸನದ ಸೀಮೆಯಲ್ಲಿ ಈ ರೋಗದ ಹೆಸರು ಕೇಳಿದರೆ ರೈತನ ಎದೆ ಝಲ್ಲೆನ್ನುತ್ತದೆ. ಮುಂಗಾರಿನಲ್ಲಿ ಬಿತ್ತಿದ ಗಿಡ ಮೊಣಕಾಲೆತ್ತರ ಬಂದಿರುತ್ತದೆ, ಸೋನೆ ಹಿಡಿಯುತ್ತದೆ, ಎಲೆಯ ಅಂಚಿನಲ್ಲಿ ನೀರು ಚುಕ್ಕಿ ಕಾಣುತ್ತದೆ, ನೋಡನೋಡುತ್ತ ಹೊಲಕ್ಕೆ ಹೊಲವೇ ಕರಗಿ ಕಪ್ಪಾಗುತ್ತದೆ. ಸ್ನೇಹಲತಾ ನಮ್ಮದೇ ಮಣ್ಣಿನಿಂದ ಒಂದು ಒಳ್ಳೆಯ ಬ್ಯಾಕ್ಟೀರಿಯಾ ಹೆಕ್ಕಿ ತೆಗೆದಿದ್ದಳು. ಬಿತ್ತನೆ ಗಡ್ಡೆಯನ್ನು ಅದರ ನೀರಿನಲ್ಲಿ ಅದ್ದಿ ನೆಟ್ಟರೆ ಗಿಡಕ್ಕೆ ರೋಗ ತಡೆಯುವ ಶಕ್ತಿ ಬರುತ್ತದೆ ಎಂಬುದು ಅವಳ ವಾದ. ಲ್ಯಾಬಿನಲ್ಲಿ ಅದು ನಿಂತಿತ್ತು, ಹೊಲದಲ್ಲಿ ನಿಲ್ಲಬೇಕಿತ್ತು. ಹಿಂದಿನ ವರ್ಷ ಮಳೆಯೇ ಸರಿಯಾಗಿ ಹಿಡಿಯದೆ ರೋಗ ಬಂದಿರಲಿಲ್ಲ, ಪರೀಕ್ಷೆಯೂ ಆಗಿರಲಿಲ್ಲ. ಈ ಹಂಗಾಮಿನ ಫಲಿತಾಂಶ ಸಿಕ್ಕಿದರೆ ಪ್ರಬಂಧ ಒಪ್ಪಿಸುವುದು, ಇಲ್ಲದಿದ್ದರೆ ವಿಶ್ವವಿದ್ಯಾಲಯ ಕೊಟ್ಟ ಗಡುವು ಮುಗಿಯುತ್ತಿತ್ತು.

ದೇವರಾಜು ರಸ್ತೆ ಬದಿಯ ತುಂಡು ಹೊಲವನ್ನೇ ಸೊಸೆಗೆ ಬಿಟ್ಟುಕೊಟ್ಟರು. ಹೊಲದ ತುಂಬ ಬ್ಯಾಕ್ಟೀರಿಯಾದಲ್ಲಿ ಅದ್ದಿದ ಗಡ್ಡೆ. ನಡುನಡುವೆ, ಅಲ್ಲೊಂದು ಇಲ್ಲೊಂದು, ಏನನ್ನೂ ಸೋಕಿಸದ ನಾಲ್ಕು ಸಾಲು. ಆ ಸಾಲುಗಳ ತುದಿಗೆ ಗೂಟ ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದಳು. ಇವು ರೋಗಕ್ಕೆ ಬಿಟ್ಟ ಸಾಲು, ಇವು ಕರಗಿ ಅದ್ದಿ ನೆಟ್ಟ ಸಾಲು ಉಳಿದರೆ ತಾನೇ ಅದಕ್ಕೆ ಶಕ್ತಿ ಬಂದಿದೆ ಎಂದು ಗೊತ್ತಾಗುವುದು? ಈ ಹೊಲಕ್ಕೆ ಔಷಧಿ ಹೊಡೆಯಲೇಬಾರದು ಎಂದು ಸ್ನೇಹಲತಾ ಮಾವನಿಗೆ ಹೇಳಿದಳು. ಆಗಲಿ ಕಣವ್ವ ಎಂದರು ಮಾವ. ಆದರೆ ಆ ಮಾತು ರೈತನ ಕಿವಿಗೆ ಬಿದ್ದ ರೀತಿಯೇ ಬೇರೆ. ರೋಗ ಇಲ್ಲದಾಗ ಹೊಡೆಯಬಾರದು ಎಂದು ಅವರು ತಿಳಿದರು. ಬಂದ ಮೇಲೂ ಕೈ ಕಟ್ಟಿಕೊಂಡು ನಿಲ್ಲು ಎಂದು ಯಾರಾದರೂ ಹೇಳುತ್ತಾರೆ ಎಂಬುದು ಅವರ ಏಳು ತಲೆಮಾರಿನಲ್ಲಿ ಇರಲಿಲ್ಲ.

ಸೋನೆ ಹಿಡಿಯಿತು. ಹುಲ್ಲಿಗೆ ಹೋದ ರೂಪಶ್ರೀ ಒಂದು ಬೆಳಗ್ಗೆ ಬಿಳಿ ಬಟ್ಟೆಯ ಸಾಲಿನ ಮುಂದೆ ನಿಂತಳು. ಎಲೆ ಮಗುಚಿ ನೋಡಿದಳು, ಅಡಿಯಲ್ಲಿ ಬೂದಿಯಂಥ ಬಿಳಿ ಬೂಷ್ಟು. ಬಂದಿದೆ. ಪಕ್ಕದ ಸಾಲು ನೋಡಿದಳು, ಅದು ಹಚ್ಚಗೆ ನಳನಳಿಸುತ್ತಿತ್ತು. ಅದರ ಪಕ್ಕದ್ದೂ ಹಾಗೆಯೇ. ಅವಳಿಗೆ ತಕ್ಷಣ ಅರ್ಥವಾಯಿತು, ಹುಡುಗಿ ಗೆದ್ದಳು. ಇನ್ನು ಕೆಲವು ದಿನ ಕಳೆದರೆ ಆ ನಾಲ್ಕು ಸಾಲು ಕರಗುತ್ತವೆ, ಉಳಿದ ಹೊಲ ನಿಲ್ಲುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಲಕ್ಕಮ್ಮ ಕಟ್ಟು ಹಾಕಿಸುತ್ತಾಳೆ, ಆ ಗಾಜನ್ನು ದಿನಾ ಒರೆಸುವ ಕೆಲಸ ತನ್ನ ಪಾಲಿಗೆ ಬರುತ್ತದೆ. ಅಷ್ಟು ಚೆಂದದ ಫಲಿತಾಂಶವನ್ನು ಅವಳು ಪುಸ್ತಕದಲ್ಲಿ ಮಾತ್ರ ನೋಡಿದ್ದಳು. ನೋಡುತ್ತ ನೋಡುತ್ತ ಅವಳಿಗೆ ಅಳು ಬಂತು, ಅದು ಸಂತೋಷದ ಅಳುವಂತೂ ಅಲ್ಲ.

ಆ ಹದಿನೈದು ದಿನ ಸ್ನೇಹಲತಾ ಊರಿನಲ್ಲಿರಲಿಲ್ಲ. ವಿಭಾಗದಲ್ಲಿ ಯಾವುದೋ ವಿಚಾರ ಸಂಕಿರಣ, ಅದರ ಬೆನ್ನಿಗೇ ಲ್ಯಾಬಿನ ಕೆಲಸ, ಹಾಸ್ಟೆಲಿನಲ್ಲಿ ಗೆಳತಿಯ ಕೋಣೆಯಲ್ಲಿ ಉಳಿದಿದ್ದಳು. ಇತ್ತ ಡೈರಿಯ ಹತ್ತಿರ ನಂಜಯ್ಯ ಎಂಬಾತ ದೇವರಾಜುವನ್ನು ಹಿಡಿದುಕೊಂಡ. ನಂಜಯ್ಯನಿಗೆ ಹಾಲು ಹಾಕುವುದು ನೆಪ, ಊರವರ ಕಾಲೆಳೆಯುವುದು ಕಸುಬು. ಏನಪ್ಪ ದೇವರಾಜು, ಡಾಕ್ಟ್ರು ಸೊಸೆಯ ಹೊಲಕ್ಕೇ ರೋಗ ಬಿದ್ದಿದೆಯಲ್ಲ, ಬಸ್ಸಿನವರೆಲ್ಲ ಕಿಟಕಿಯಲ್ಲಿ ಬಗ್ಗಿ ನೋಡಿಕೊಂಡು ಹೋಗುತ್ತಿದ್ದಾರೆ, ನಮ್ಮ ಹೊಲಕ್ಕೆ ಇನ್ನು ಯಾರನ್ನು ಕೇಳೋಣ ಎಂದು ನಗಾಡಿದ. ನಿಂತವರೆಲ್ಲ ನಕ್ಕರು. ದೇವರಾಜು ನಗಲಿಲ್ಲ. ಮನೆಗೆ ಬಂದು ಕಾಫಿಯನ್ನೂ ಕುಡಿಯದೆ ತಮ್ಮ ಇನ್ನೊಂದು ಹೊಲಕ್ಕೆಂದು ತಂದಿಟ್ಟಿದ್ದ ಔಷಧಿ ಡಬ್ಬ ತೆಗೆದರು.

ರೂಪಶ್ರೀ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಮಾವ ಬೆನ್ನಿಗೆ ಪಂಪು ಏರಿಸಿಕೊಂಡು ರಸ್ತೆ ಬದಿಯ ಹೊಲಕ್ಕೆ ಇಳಿದದ್ದು ಕಂಡಳು. ಉಳಿದ ಸಾಲುಗಳನ್ನು ಅವರು ಮುಟ್ಟಲಿಲ್ಲ. ಬಿಳಿ ಬಟ್ಟೆ ಹುಡುಕಿ ಹುಡುಕಿ, ಆ ಸಾಲಿಗೇ ಹೊಡೆಯುತ್ತ ಬಂದರು, ಮಗುವಿಗೆ ತಲೆ ನೆನೆಸುವ ಹಾಗೆ ಗಿಡದ ನೆತ್ತಿಯಿಂದ ಬುಡದ ತನಕ, ಎಲೆ ಮಗುಚಿ ಮಗುಚಿ. ಕೂಗಿದರೆ ಕೇಳುವಷ್ಟು ದೂರವೇ. ‘ಮಾವ’ ಎಂಬ ಮಾತು ಅವಳ ಗಂಟಲಿನವರೆಗೂ ಬಂತು. ಅಷ್ಟು ಹೊತ್ತಿಗೆ ಅವಳಿಗೆ ಮೊಸರಿನ ಡಬ್ಬಿ ನೆನಪಾಯಿತು, ಮೂಲೆಯ ಕೋಣೆ ನೆನಪಾಯಿತು. ನಾನು ಓದಲು ಹೊರಟಾಗ ಈ ಪ್ರೀತಿ ಎಲ್ಲಿ ಹೋಗಿತ್ತು ಮಾವ, ಎಂದು ಮನಸ್ಸಿನಲ್ಲೇ ಕೇಳಿದಳು. ಹೊಡೀರಿ, ಚೆನ್ನಾಗಿ ಹೊಡೀರಿ. ತಲೆ ತಗ್ಗಿಸಿ ಹುಲ್ಲು ಕೊಯ್ದಳು. ಆವತ್ತು ಹೊರೆ ದಿನಕ್ಕಿಂತ ದೊಡ್ಡದಾಯಿತು.

ಎರಡು ಮೂರು ದಿನ ಬಿಟ್ಟು ದೇವರಾಜು ಇನ್ನೊಮ್ಮೆ ಹೊಡೆದರು. ರೋಗ ನಿಂತಿತು. ಸುಟ್ಟ ಎಲೆ ಉದುರಿ ಹೊಸ ಕುಡಿ ಬಂತು. ನಂಜಯ್ಯನ ಬಾಯಿಯೂ ಮುಚ್ಚಿತು. ದೇವರಾಜು ಇದನ್ನು ಮನೆಯಲ್ಲಿ ಹೇಳಿಕೊಳ್ಳಲಿಲ್ಲ, ಸೊಸೆ ಬಂದು ತಾನಾಗಿ ನೋಡಿ ಖುಷಿಪಡಲಿ ಎಂದು ಕಾದರು.

ಸ್ನೇಹಲತಾ ಬಂದವಳು ಬ್ಯಾಗು ಇಳಿಸದೆ ಹೊಲಕ್ಕೆ ಹೋದಳು. ವಾಪಸು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ರೋಗ ಬಂದದ್ದರ ಗುರುತು ಇತ್ತು, ಆದರೆ ಬಿಳಿ ಬಟ್ಟೆಯ ಸಾಲೂ ಹಸಿರು, ಉಳಿದ ಸಾಲೂ ಹಸಿರು. ಏನೂ ಹಾಕದ ಗಿಡ ತಾನಾಗಿ ಚೇತರಿಸಿಕೊಂಡಿದೆ ಎಂದರೆ ತನ್ನ ಬ್ಯಾಕ್ಟೀರಿಯಾದ್ದು ಏನು ಹೆಚ್ಚುಗಾರಿಕೆ? ಔಷಧಿಯ ಯೋಚನೆ ಅವಳಿಗೆ ಬರಲೇ ಇಲ್ಲ. ಮಾವ ಮಾತು ಕೊಟ್ಟಿದ್ದಾರೆ, ಮಾವ ಮಾತಿಗೆ ತಪ್ಪುವವರಲ್ಲ. ಬೆಳಗ್ಗೆ ಹೋದವಳು ಮಧ್ಯಾಹ್ನದವರೆಗೆ ಹೊಲದಲ್ಲೇ ಕೂತಿರುತ್ತಿದ್ದಳು. ಮಣ್ಣು ಕೆದಕಿ ನೋಡಿದಳು, ನೀರಿನ ದಾರಿ ನೋಡಿದಳು, ಮೇಡಂಗೆ ಫೋನು ಮಾಡಿದಳು. ಫೋನಿನೊಳಗಿನ ದನಿ ಈ ಸಲ ಗಟ್ಟಿಯಾಗಿಯೇ ಇತ್ತು. ಮೇಡಂ ಯಾವುದಕ್ಕೋ ಬೈದಿರಬೇಕು, ಹೊಲ ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡು ದೇವರಾಜು ತಮ್ಮ ಕೆಲಸ ನೋಡಿಕೊಂಡರು.

ಮೊದಲ ದಿನ ರೂಪಶ್ರೀಗೆ ಹಬ್ಬ. ಸುಳ್ಳು ಯಾಕೆ ಹೇಳಲಿ, ಆ ದಿನ ಅವಳು ಒಬ್ಬಟ್ಟನ್ನೇ ಮಾಡಿದಳು, ಯಾರ ಹಬ್ಬವೂ ಅಲ್ಲದ ದಿನ. ಎರಡನೆಯ ದಿನ ಸ್ನೇಹಲತಾ ಉಣ್ಣದೆ ತಟ್ಟೆ ಸರಿಸಿದಾಗ, ಈಗ ಗೊತ್ತಾಯ್ತಾ ಮಗಳೆ, ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಹೇಗಿರುತ್ತೆ ಎಂದುಕೊಂಡಳು. ಆಮೇಲೆ ಆ ರುಚಿ ಕಮ್ಮಿಯಾಗುತ್ತ ಬಂತು. ಹುಡುಗಿ ಅಳುತ್ತಿರಲಿಲ್ಲ, ಹೊಲದಲ್ಲಿ ಕೂತು ಗಿಡಗಳಿಗೆ ಮುಖ ಮಾಡಿ ಸುಮ್ಮನೆ ನೋಡುತ್ತಿದ್ದಳು. ಉತ್ತರ ರೂಪಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಗೊತ್ತಿದ್ದೂ ಹೇಳದೆ ಇರುವುದು ಒಂದು ಬಗೆಯ ಅಧಿಕಾರ, ಅವಳಿಗೆ ಆ ಮನೆಯಲ್ಲಿ ಸಿಕ್ಕ ಮೊದಲ ಅಧಿಕಾರ ಅದು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಶನಿವಾರ ಸಂಜೆ ಮೋಹನ್‌ಕುಮಾರ್ ಹೊಳೆನರಸೀಪುರದಿಂದ ಬಂದ. ಕಾಂತರಾಜು ಮಂಡಿಯಿಂದ ಇನ್ನೂ ಬಂದಿರಲಿಲ್ಲ, ಉಳಿದವರೆಲ್ಲ ನಡುಮನೆಯಲ್ಲಿದ್ದರು. ಸ್ನೇಹಲತಾ ತಣ್ಣಗೆ ಹೇಳಿದಳು, ತನ್ನ ವಾದವೇ ಸುಳ್ಳಾಯಿತು, ಗಡುವೂ ಮುಗಿಯುತ್ತಿದೆ, ಪಿಎಚ್‌ಡಿ ಬಿಡುತ್ತೇನೆ. ಲಕ್ಕಮ್ಮ ಎದೆ ಹಿಡಿದುಕೊಂಡಳು. ಹೊಲದಲ್ಲಿ ಗಿಡವೆಲ್ಲ ಚೆನ್ನಾಗಿರುವಾಗ ಬಿಡುವುದು ಯಾಕೆ ಎಂದಳು. ಚೆನ್ನಾಗಿರುವುದೇ ತೊಂದರೆ, ಆ ನಾಲ್ಕು ಸಾಲು ಸಾಯಬೇಕಿತ್ತು ಎಂದಳು ಸ್ನೇಹಲತಾ. ದೇವರಾಜು ಕಂಬಕ್ಕೆ ಒರಗಿ ಕೂತಿದ್ದವರು ನೆಟ್ಟಗಾದರು.

“ನಾನೇ ಕಣವ್ವ ಔಸ್ದಿ ಒಡ್ದಿದ್ದು,” ಎಂದರು. “ಜನ ಆಡ್ಕತಿದ್ರು. ನೀನಿಲ್ದೆ ಇರೋವಾಗ ನಿನ್ ಮರ್ವಾದೆ ಓಗ್ಬಾರ್ದು ಅಂತ ಎರಡು ಕಿತ ಒಡ್ದೆ.”

ಸ್ನೇಹಲತಾ ಗೋಡೆ ಹಿಡಿದು ನಿಧಾನಕ್ಕೆ ಕೂತಳು. ವಾದ ಸುಳ್ಳಾಗಿರಲಿಲ್ಲ, ನಿಜವೇ ಆಗಿತ್ತು. ಆದರೆ ಅದನ್ನು ತೋರಿಸುವ ಸಾಲು ಈಗ ಹೊಲದಲ್ಲಿರಲಿಲ್ಲ. ಮಾವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ದೇವರಾಜು ಏನು ಅನಾಹುತವಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಮೋಹನ್‌ಕುಮಾರನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಇಷ್ಟು ಜನ ಇರುವ ಮನೆಯಲ್ಲಿ ಅಪ್ಪನಿಗೆ ಬೇಡ ಅನ್ನುವವರು ಒಬ್ಬರೂ ಇರಲಿಲ್ಲವೇ ಎಂದು ಕೂಗಾಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೂಪಶ್ರೀಯ ಕಡೆ ತಿರುಗಿ, ಅತ್ತಿಗೆ, ನೀವು ದಿನಾ ಹುಲ್ಲಿಗೆ ಅಲ್ಲಿಗೇ ಹೋಗ್ತೀರಲ್ಲ, ನೋಡಲಿಲ್ವಾ ಎಂದು ಕೇಳಿದ.

ಅವಳು ಉತ್ತರ ಕೊಡುವ ಮೊದಲೇ ಲಕ್ಕಮ್ಮ ಅಡ್ಡ ಬಂದಳು.

“ಅವ್ಳ್ನ ಯಾಕ್ಲಾ ಕೇಳೀಯ? ದನ ಕರ ನೋಡ್ಕಂಡಿರೋ ಎಂಗ್ಸಿಗೆ ಇದೆಲ್ಲ ಏನ್ ತಿಳ್ದಾತು?”

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಹಿರಿಸೊಸೆಯನ್ನು ಕಾಪಾಡಲೆಂದೇ ಆಡಿದ್ದು. ಅಲ್ಲಿಗೆ ರೂಪಶ್ರೀ ಪಾರಾಗಿದ್ದಳು. ಅವಳ ಮೇಲೆ ಯಾರಿಗೂ ಅನುಮಾನವಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ. ಬಾಗಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಒಲೆಯ ಮುಂದೆ ಹೋಗಿ ಕೂತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಮಾತು ಬಂದು ತಾಕಿದ್ದು ತಾಕಬಾರದ ಕಡೆಗೆ. ತರಗತಿಯವರೆಲ್ಲ ಸಾಲಾಗಿ ನಿಂತು ನೋಡಿದ ಕೈಗೆ ಏನೂ ತಿಳಿಯುವುದಿಲ್ಲವಂತೆ. ಕೆಟ್ಟವಳು ಅನ್ನಿಸಿಕೊಂಡಾದರೂ ಬದುಕಬಹುದು, ತಿಳಿಯದವಳು ಅನ್ನಿಸಿಕೊಳ್ಳಲು ಅವಳಿಂದ ಆಗಲಿಲ್ಲ.

“ನನಗೆ ಗೊತ್ತಿತ್ತು,” ಎಂದಳು. “ಅದು ಕಂಟ್ರೋಲ್ ಸಾಲು, ಹೋಲಿಸಿ ನೋಡೋಕೆ ಬಿಟ್ಟಿದ್ದು. ಅದಕ್ಕೆ ಹೊಡೆದ್ರೆ ಇಡೀ ಹೊಲ ದಂಡ ಅಂತ ಮಾವ ಪಂಪು ಹೊತ್ಕೊಂಡು ಇಳಿದಾಗಲೇ ನನಗೆ ಗೊತ್ತಿತ್ತು. ಬದುವಿನ ಮೇಲೇ ಇದ್ದೆ. ನೋಡಿದೆ. ಸುಮ್ಮನಿದ್ದೆ.”

ಲಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮೋಹನ್‌ಕುಮಾರ್ ಯಾಕೆ ಅತ್ತಿಗೆ ಎಂದು ಕೇಳಲು ಹೋದವನು ಅರ್ಧಕ್ಕೆ ನಿಲ್ಲಿಸಿದ. ನಾನು ಓದಿದವಳು ಅಂತ ಈ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ, ಹೊಲ ಬಿಟ್ಟುಕೊಟ್ಟಿರಿ, ಕೋಣೆ ಬಿಟ್ಟುಕೊಟ್ಟಿರಿ, ಒಂದು ದಿನ ನನ್ನನ್ನು ಒಂದು ಮಾತು ಕೇಳಿದಿರಾ ಎಂದು ರೂಪಶ್ರೀ ಒಂದೇ ಉಸಿರಿಗೆ ಅಂದಳು. ಈಗ ಸ್ನೇಹಲತಾ ಬೈಯಲಿ, ಬಾಯಿಗೆ ಬಂದದ್ದು ಅನ್ನಲಿ ಎಂದು ಕಾದಳು. ಬೈದರೆ ತಾನೂ ಎರಡು ಮಾತು ಅಂದು ಹಗುರಾಗಬಹುದಿತ್ತು.

ಸ್ನೇಹಲತಾ ಗೋಡೆಗೆ ಒರಗಿದ್ದಲ್ಲಿಂದಲೇ ತಲೆ ಎತ್ತಿದಳು.

“ನಿಮಗೆ ಇದೆಲ್ಲ ತಿಳಿಯುತ್ತೆ ಅಂತ ನನಗೆ ಗೊತ್ತಿತ್ತು ಅಕ್ಕ. ಅದಕ್ಕೇ ನಿಮ್ಮನ್ನ ಕೇಳಲಿಲ್ಲ,” ಎಂದಳು. “ಲ್ಯಾಬಲ್ಲಿ ನನ್ನ ಕೈಯಲ್ಲಿ ಏನು ತಪ್ಪಾದ್ರೂ ಮೇಡಂ ನಿಮ್ಮ ಹೆಸರೇ ಹೇಳ್ತಾರೆ. ರೂಪಶ್ರೀ ಆಗಿದ್ರೆ ಹೀಗೆ ಮಾಡ್ತಿರಲಿಲ್ಲ, ರೂಪಶ್ರೀ ಕೈ ಅಂದ್ರೆ ಕೈ ಅಂತ. ನಾನು ಈ ಮನೆಗೆ ಬಂದಿದ್ದೀನಿ ಅಂತ ಗೊತ್ತಾದ ದಿನದಿಂದ, ಅವಳನ್ನ ಒಂದ್ಸಲ ಕರ್ಕೊಂಡು ಬಾ ಅಂತ ಕೇಳ್ತಾನೇ ಇದ್ದಾರೆ. ನನಗೆ ಹೊಟ್ಟೆ ಉರಿದುಹೋಗ್ತಿತ್ತು. ನಿಮಗೆ ಹೇಳಲೇ ಇಲ್ಲ.”

ಹೇಳಿ ಮುಗಿಸಿ ಅವಳು ಮಂಡಿಯ ಮೇಲೆ ಮುಖವಿಟ್ಟು ಅತ್ತಳು, ಇಷ್ಟು ದಿನ ಅಳದೆ ಇದ್ದದ್ದೆಲ್ಲ ಸೇರಿಸಿ. ಅವಳ ಒಂದು ಹಂಗಾಮು ಹೋಗಿತ್ತು, ಗಡುವು ಹೋಗಿತ್ತು, ಇನ್ನೊಂದು ವರ್ಷ ಸಿಕ್ಕುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ತನ್ನ ಪಾಲು ಎಷ್ಟೆಂದು ರೂಪಶ್ರೀಗೆ ಗೊತ್ತಿತ್ತು. ಆ ಹೊತ್ತಿಗೆ ಅವಳಿಗೆ ಆಗಬೇಕಾಗಿದ್ದು ನಾಚಿಕೆ. ನಾಚಿಕೆ ಆಮೇಲೆ ಬಂತು, ಬಂದು ಬಹಳ ಕಾಲ ಉಳಿಯಿತು. ಮೊದಲು ಬಂದದ್ದು ಬೇರೆ. ಅವಳು ಬಾಗಿಲು ಬಿಟ್ಟು ಬಂದು ಓರಗಿತ್ತಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕೈ ಅವಳ ಬೆನ್ನ ಮೇಲಿಟ್ಟಳು. ಸಮಾಧಾನ ಹೇಳುತ್ತಾಳೆ ಎಂದು ಮನೆಯವರೆಲ್ಲ ಅಂದುಕೊಂಡರು.

“ಸ್ನೇಹ,” ಎಂದಳು ಮೆಲ್ಲಗೆ, “ಮೇಡಂ ನನ್ನ ಬಗ್ಗೆ ಇನ್ನೂ ಏನೇನು ಅಂತಾರೆ?”